ಬಸವೇಶ್ವರನಗರದಲ್ಲೊಂದು ಕೇಪಿನ ಕೋವಿ

ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿದ ಕೋವಿಯನ್ನು ಆ ಮನೆಯ ಅಮ್ಮ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಊಟದ ಮೇಜಿನ ಮೇಲೆ ಮಲಗಿಸುತ್ತಾರೆ. ಎಪ್ಪತ್ತು ದಾಟಿದ ಕೈ, ಆದರೂ ನಡುಕವಿಲ್ಲ. "ನಮ್ಮನೆಯವ್ರು ಇದನ್ನ ಇನ್ನೊಬ್ಬರ ಕೈಗೆ ಕೊಟ್ಟೋರಲ್ಲ. ನೀವೇ ಬಿಚ್ಚಿ ನೋಡಿ," ಎಂದು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸೀರೆಯ ಮಡಿಕೆ ಬಿಡಿಸಿದಂತೆ ನುಸಿಗುಳಿಗೆಯ ವಾಸನೆಯ ಜೊತೆಗೆ ಕಮಟಾದ ಕೊಬ್ಬರಿ ಎಣ್ಣೆಯ ವಾಸನೆ ಏಳುತ್ತದೆ. ಹೊರಗೆ ಬಸವೇಶ್ವರನಗರದ ಭಾನುವಾರ. ತರಕಾರಿ ಗಾಡಿಯ ಮೈಕು ಟೊಮೆಟೊ ದರ ಕೂಗುತ್ತಿದೆ, ಹಾವನೂರು ಸರ್ಕಲ್ಲಿನ ಕಡೆಯಿಂದ ಬಸ್ಸಿನ ಹಾರನ್ನು.

ಹುಡುಗ ಆಗಲೇ ಕೈ ಚಾಚಿದ್ದಾನೆ. ನನ್ನ ಗೆಳೆಯನ ಮಗ, ಈ ಕೋವಿ ಕೊಳ್ಳಲೆಂದು ಬಂದವನು. ಇರುವುದು ಕೆಂಗೇರಿ ಉಪನಗರದಲ್ಲಿ, ತೋಟ ಮೂಡಿಗೆರೆಯ ಕಡೆ. ಹಳೆಯ ಕೋವಿಗಳ ಹುಚ್ಚು ಅವನಿಗೆ ಅಜ್ಜನಿಂದ ಬಂದದ್ದು. ಕಳೆದ ವರ್ಷ ಯಾರೋ ಮರ ಕತ್ತರಿಸಿ ಶಿಕಾರಿ ಕೋವಿಯಂತೆ ಮಾಡಿದ ತ್ರೀ ನಾಟ್ ತ್ರೀ ಒಂದನ್ನು ತೋರಿಸಿದಾಗ ಇವನು ಮುಂಗಡ ಕೊಡಲು ಹೊರಟಿದ್ದ. ನಾನು ತಡೆದೆ. .303 ಸೇನೆಯ ತೋಟಾ ಹಾರಿಸಬಲ್ಲ ಬೋಲ್ಟ್ ರೈಫಲು ನಮ್ಮಲ್ಲಿ ನಿರ್ಬಂಧಿತ ಬೋರು, ಅಂಗಡಿಯವರ ಮಾತಿನಲ್ಲಿ 'ಪಿ.ಬಿ.'. ಅದೇ ರೈಫಲಿನ ನಳಿಗೆಯೊಳಗಿನ ಸುರುಳಿ ಗೀರು ತೆಗೆದು, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ತುಂಬಿ, ಒಂದೊಂದೇ ತೋಟಾ ಹಾಕುವಂತೆ ಇಷಾಪುರ ಕಾರ್ಖಾನೆಯಲ್ಲಿ ಕಾವಲಿನವರಿಗಾಗಿ ಮಾರ್ಪಡಿಸಿದ .410 ಮಸ್ಕೆಟ್ಟೂ ಅದೇ ಪಟ್ಟಿಯಲ್ಲಿದೆ. ಮಾರುವವನು ಎಷ್ಟೇ ನಂಬಿಕಸ್ಥನಾದರೂ ಅಂಥದ್ದನ್ನು ಮುಟ್ಟಬಾರದು.

ಆದ್ದರಿಂದ ಇವತ್ತೂ ಮೊದಲು ಕಾಗದ. ಅಮ್ಮ ಪ್ಲಾಸ್ಟಿಕ್ ಕವರಿನಿಂದ ಪರವಾನಗಿ ಪುಸ್ತಕ ತೆಗೆಯುತ್ತಾರೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಬೆಳೆ ರಕ್ಷಣೆಗೆಂದು ಮಾವನವರ ಕಾಲದಲ್ಲಿ ಸಿಕ್ಕ ಪರವಾನಗಿ. ಆಮೇಲೆ ಗಂಡನ ಹೆಸರಿಗೆ ಬಂದು, ಅವರು ತೀರಿಕೊಂಡ ಮೇಲೆ ಇವರ ಹೆಸರಿಗೆ ವರ್ಗವಾಗಿ ಬೆಂಗಳೂರಿನ ವಿಳಾಸಕ್ಕೆ ಬದಲಾಗಿದೆ. ನವೀಕರಣದ ಮೊಹರು ಚಾಲ್ತಿಯಲ್ಲಿದೆ. ಆಯುಧದ ವಿವರದ ಜಾಗದಲ್ಲಿ 'ಎಸ್.ಬಿ.ಎಂ.ಎಲ್.', ಅಂದರೆ ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ಮಲೆನಾಡಿನವರ ಬಾಯಲ್ಲಿ ಕೇಪಿನ ಕೋವಿ. ಪುಸ್ತಕದ ನಂಬರೂ ನಳಿಗೆಯ ಬುಡದಲ್ಲಿ ಕೊರೆಸಿದ ನಂಬರೂ ಒಂದೇ. ಹುಡುಗನಿಗೆ ಈಗಾಗಲೇ ಒಂದು ಕೋವಿಯಿದೆ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ. ಅಂದರೆ ಇದನ್ನು ಕೊಂಡರೆ ಅವನ ಲೆಕ್ಕ ಮುಗಿಯಿತು. ಇನ್ನೊಂದು ಒಳ್ಳೆಯದು ಕಣ್ಣಿಗೆ ಬಿದ್ದರೂ ಕೊಳ್ಳುವ ಹಾಗಿಲ್ಲ. ಉಳಿದಿರುವ ಆ ಒಂದು ಜಾಗಕ್ಕೆ ಇದು ಯೋಗ್ಯವೇ ಎಂಬುದೇ ಇಂದಿನ ಪ್ರಶ್ನೆ.

"ಅಂಕಲ್, 1853ರ ಎನ್‌ಫೀಲ್ಡ್ ಇದು. ನೋಡಿದ ಕೂಡ್ಲೇ ಗೊತ್ತಾಗುತ್ತೆ," ಎನ್ನುತ್ತಾನೆ ಅವನು. ದನಿಯಲ್ಲಿ ಆಸೆ ಮುಚ್ಚಿಟ್ಟುಕೊಳ್ಳಲಾಗದೆ ತುಳುಕುತ್ತಿದೆ. "ನಳಿಗೆ ಕತ್ತರಿಸಿದ್ದಾರೆ, ಮುಂದಿನ ಮರ ಹೋಗಿದೆ, ಒಳಗಿನ ಗೀರು ಸವೆದಿದೆ. ಅಷ್ಟನ್ನೂ ಮೊದಲಿನ ಹಾಗೆ ಮಾಡಿಸಬಹುದು ಅಲ್ವಾ?"

ಉತ್ತರ ಕೊಡದೆ ಚೀಲದಿಂದ ತೆಳ್ಳನೆಯ ಮರದ ಕಡ್ಡಿ ತೆಗೆಯುತ್ತೇನೆ. ಬಾಯಿಂದ ತುಂಬುವ ಕೋವಿಯ ಅಂದಚೆಂದ ನೋಡುವ ಮುಂಚೆ ಒಳಗೆ ಈಡು ಇದೆಯೋ ಇಲ್ಲವೋ ನೋಡಬೇಕು. ಕಡ್ಡಿಯನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಬಿಡಬೇಕು, ಬಾಯಿಯ ಅಂಚಿಗೆ ಸರಿಯಾಗಿ ಕಡ್ಡಿಯ ಮೇಲೆ ಗುರುತು ಮಾಡಬೇಕು, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಬೇಕು. ಖಾಲಿ ಕೋವಿಯಾದರೆ ಕಡ್ಡಿಯ ತುದಿ ಹೆಚ್ಚುಕಡಿಮೆ ಕೇಪು ಕೂರಿಸುವ ಮೊಳೆಯ ನೇರಕ್ಕೆ ಬರುತ್ತದೆ.

ಬರಲಿಲ್ಲ. ನಾಲ್ಕು ಬೆರಳು ಹಿಂದೆಯೇ ನಿಂತಿತು.

ಇನ್ನೊಮ್ಮೆ ಇಳಿಬಿಡುತ್ತೇನೆ. ಕಬ್ಬಿಣಕ್ಕೆ ತಾಗಿದರೆ ಟಣ್ ಎನ್ನಬೇಕು. ಇದು ಮೆತ್ತಗೆ, ಡಬ್ ಎನ್ನುತ್ತದೆ. ಹುಡುಗನ ಕೈ ಮೇಜಿನಿಂದ ತಾನಾಗಿಯೇ ಹಿಂದೆ ಸರಿಯಿತು. ನಳಿಗೆಯ ಬಾಯನ್ನು ಹಿತ್ತಲ ಕಾಂಪೌಂಡಿನ ಗೋಡೆಯ ಕಡೆಗೆ ತಿರುಗಿಸಿ ಕೇಳುತ್ತೇನೆ:

"ಅಮ್ಮಾ, ಇದನ್ನ ಕೊನೇ ಸಲ ಹೊಡೆದದ್ದು ಯಾವಾಗ?"

"ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ತೋಟಕ್ಕೆ ಹಂದಿ ಬರ್ತಿತ್ತು. ಆವಾಗ ಒಂದೋ ಎರಡೋ ಈಡು. ಆಮೇಲೆ ಬರೀ ಆಯುಧಪೂಜೆಗೆ ಇಳಿಸೋದು, ಚುನಾವಣೆ ಬಂದ್ರೆ ಠಾಣೆಗೆ ಕೊಟ್ಟು ಬರೋದು. ಯಾಕೆ?"

"ಒಳಗೆ ಈಡು ಹಾಗೇ ಇದೆ."

ಅಮ್ಮ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಅಯ್ಯೋ ದೇವ್ರೇ. ಹಂಗಾದ್ರೆ ಅಷ್ಟು ವರ್ಷ ತುಂಬಿದ ಕೋವೀನೇ ಠಾಣೆಗೆ ಹೊತ್ತು ತಂದಿದೀವಾ?"

ಹಳ್ಳಿಮನೆಗಳಲ್ಲಿ ಇದು ಅಪರೂಪವಲ್ಲ. ರಾತ್ರಿ ಹಂದಿಗೆಂದು ತುಂಬಿಟ್ಟದ್ದು, ಹಂದಿ ಬಾರದೆ ಗೋಡೆಗೆ ಮರಳಿದ್ದು, ತುಂಬಿದವರು ತೀರಿಹೋಗಿದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಕರಿಮದ್ದು ಒಣಗಿದ್ದಷ್ಟು ದಿನ ಸಾಯುವುದಿಲ್ಲ; ನೂರು ವರ್ಷ ಕಳೆದರೂ ಕಿಡಿ ತಾಗಿದರೆ ಸಿಡಿಯುತ್ತದೆ. ಮೊಳೆಯ ಮೇಲೆ ಕಿಡಿ ಕೊಡುವ ಕೇಪಿಲ್ಲ ಎಂಬುದೊಂದೇ ಸಮಾಧಾನ. ನಾನು ಇಂಥ ಕೆಲಸದಲ್ಲಿ ಕೈಯಾಡಿಸುವವನಲ್ಲ. ಲೈಸೆನ್ಸು ಇರುವ ಕೋವಿ ರಿಪೇರಿಯ ಸಾಹೇಬರೊಬ್ಬರನ್ನು ಬಹಳ ವರ್ಷದಿಂದ ಬಲ್ಲೆ, ಅವರಿಗೆ ಫೋನು ಮಾಡುತ್ತೇನೆ.

"ಕುದುರೆ ಎತ್ತಬೇಡಿ, ಏನೂ ಮಾಡಬೇಡಿ," ಎನ್ನುತ್ತಾರೆ ಅವರು. "ಬಾಯಿಂದ ನೀರು ತುಂಬಿ, ಆಕಾಶಕ್ಕೆ ಮುಖ ಮಾಡಿ ನಿಲ್ಲಿಸಿಡಿ. ನಾನು ಮಧ್ಯಾಹ್ನದ ನಮಾಜು ಮುಗಿಸಿ ಬರ್ತೀನಿ."

ಹಿಂದಿನ ಬಾಗಿಲಾಚೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕದ ಮೂಲೆಯಲ್ಲಿ ಕೋವಿ ನಿಲ್ಲುತ್ತದೆ. ಮೇಲೆ ಬರೀ ಆಕಾಶ. ಚೊಂಬಿನಿಂದ ನಿಧಾನವಾಗಿ ನೀರು ಬಿಡುತ್ತೇನೆ. ಗುಳುಗುಳು ಎಂದು ಇಳಿದು ಕಂಠದವರೆಗೆ ತುಂಬುತ್ತದೆ. ಸ್ವಲ್ಪ ಹೊತ್ತಿಗೆ ಮೊಳೆಯ ತೂತಿನಿಂದ ಕಪ್ಪು ಹನಿಯೊಂದು ಜಿನುಗುತ್ತದೆ. ಮದ್ದು ನೀರು ಕುಡಿಯುತ್ತಿದೆ.

ಹುಡುಗ ಅದನ್ನೇ ನೋಡುತ್ತ ಬರುವಾಗ ದಾರಿಯಲ್ಲಿ ಕೇಳಿದ್ದನ್ನು ಮತ್ತೆ ಕೇಳುತ್ತಾನೆ: "ನೂರೈವತ್ತು ವರ್ಷ ಹಳೇದು, ಆಂಟಿಕ್. ಇದಕ್ಕೂ ಲೈಸೆನ್ಸ್ ಯಾಕೆ ಬೇಕು?" ಈಗ ಉತ್ತರ ಕೊಡುವುದು ಸುಲಭ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯಿತಿ ಕೊಡುತ್ತದೆ ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದನ್ನು ಬಂದೂಕಾಗಿ ಬಳಸಲು ಆಗಬಾರದು ಎಂಬ ಷರತ್ತು ಜೊತೆಗಿದೆ. ನಾಲ್ಕು ಬೆರಳು ಈಡು ಹೊಟ್ಟೆಯಲ್ಲಿಟ್ಟುಕೊಂಡು ನಿಂತಿರುವ ಕೋವಿ ಆ ಷರತ್ತು ದಾಟುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬೇರೆಯೇ ಸಂಗತಿ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಮೂಡಿಗೆರೆಯವನಿಗೆ ಅದು ದಕ್ಕುವುದಿಲ್ಲ.

ಸಾಹೇಬರು ಬರುವವರೆಗೆ ಹೊರಮೈಯನ್ನಾದರೂ ಓದಬಹುದು. ಟಾರ್ಚನ್ನು ನೇರ ಬಿಡದೆ ಓರೆಯಾಗಿ ಹಿಡಿಯುತ್ತೇನೆ. ಸವೆದ ಅಕ್ಷರಕ್ಕೆ ನೆರಳು ಬೀಳಬೇಕಾದರೆ ಬೆಳಕು ಪಕ್ಕದಿಂದ ಬರಬೇಕು. ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಸವರಿ ಬಟ್ಟೆಯಲ್ಲಿ ಒರೆಸಿದರೆ ಬಲಬದಿಯ ಲಾಕ್ ಫಲಕದ ಮೇಲೆ ಗುರುತುಗಳು ಒಂದೊಂದಾಗಿ ಮೂಡುತ್ತವೆ. ಕುದುರೆಯ ಹಿಂದೆ ಕಿರೀಟ. ಅದರ ಕೆಳಗೆ ವಿ.ಆರ್., ಅಂದರೆ ವಿಕ್ಟೋರಿಯಾ ರಾಣಿ. ಮುಂದೆ ಇಂಗ್ಲಿಷಿನಲ್ಲಿ ಟವರ್ ಎಂಬ ಪದ, ಅದರ ಮೇಲೆ 1860.

ಹುಡುಗ ಉಸಿರು ಬಿಗಿಹಿಡಿದಿದ್ದಾನೆ. ಅಕ್ಷರವನ್ನೂ ಪೂರ್ತಿ ನಂಬಬಾರದು ಎಂದು ಅವನಿಗೆ ಹೇಳುತ್ತೇನೆ. ಖೈಬರ್ ಕಣಿವೆಯ ಆಚೀಚೆ ಕಮ್ಮಾರರು ತಲೆಮಾರುಗಳಿಂದ ಬ್ರಿಟಿಷ್ ರೈಫಲುಗಳ ನಕಲು ಮಾಡುತ್ತಾ ಬಂದಿದ್ದಾರೆ. ಕೈಚಳಕ ಅದ್ಭುತ, ಇಂಗ್ಲಿಷ್ ಮಾತ್ರ ಬಾರದು. ಎನ್ ಅಕ್ಷರ ತಿರುಗುಮುರುಗಾಗಿರುತ್ತದೆ. ರಾಣಿ 1901ರ ಜನವರಿಯಲ್ಲಿ ತೀರಿಕೊಂಡಳೆಂಬುದು ಗೊತ್ತಿಲ್ಲದೆ ವಿ.ಆರ್. ಕೆಳಗೆ 1905 ಎಂದು ಕೊರೆದಿರುತ್ತಾರೆ. ಇಲ್ಲಿ ಕಿರೀಟದ ಗೆರೆಗಳು ನೇರ, ಅಕ್ಷರಗಳ ಅಳತೆ ಸಮ, ಒತ್ತಿದ ಆಳ ಒಂದೇ. ಯಂತ್ರದ ಅಚ್ಚು ಇದು, ಉಳಿಯ ಕೆಲಸವಲ್ಲ. ಮರದ ಹಿಡಿಯ ಬಲಮಗ್ಗುಲಲ್ಲಿ, ಎಣ್ಣೆಯ ಜಿಡ್ಡಿನಡಿ, ಇನ್ನೂ ಒಂದು ಗುರುತಿದೆ: ಸರ್ಕಾರದ ಸ್ವತ್ತೆಂದು ಸಾರುವ ಮೂರು ಗೀಟಿನ ಬಾಣ, ಅದಕ್ಕೆ ಎದುರಾಗಿ ಮೊನೆಗೆ ಮೊನೆ ತಾಗಿಸಿ ಒತ್ತಿದ ಇನ್ನೊಂದು ಬಾಣ. ಸೇನೆಯಿಂದ ಹೊರಹಾಕಿ ಮಾರಿದ ಕೋವಿಗೆ ಮಾತ್ರ ಬೀಳುತ್ತಿದ್ದ ಜೋಡಿ ಗುರುತು ಅದು. ನೋಡಿ ನನಗೆ ಬಹಳ ಸಂತೋಷವಾಯಿತು. ಕದ್ದ ಮಾಲಲ್ಲ, ಮುರಿದ ಭಾಗಗಳನ್ನು ಜೋಡಿಸಿದ ಕಂತೆಯಲ್ಲ. ದಂಡಿನಿಂದ ಕ್ರಮವಾಗಿ ಹೊರಬಿದ್ದು ಘಟ್ಟ ಹತ್ತಿದ ಕೋವಿ.

ಇನ್ನು ಮರ. ನಳಿಗೆಯ ಉದ್ದಕ್ಕೂ ಹೋಗಬೇಕಿದ್ದ ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿದ್ದಾರೆ. ಮೂರು ಬಿಗಿಪಟ್ಟಿಗಳಲ್ಲಿ ಎರಡು ಹೋಗಿವೆ, ಉಳಿದಿರುವುದು ಹಿಂದಿನದೊಂದೇ. ಕತ್ತರಿಸಿದ ತುದಿಗೆ ಹಿತ್ತಾಳೆಯ ತಗಡು ಮಡಿಸಿ ಸಣ್ಣ ಮೊಳೆ ಹೊಡೆದಿದ್ದಾರೆ. ಹಿಡಿಯ ಕುತ್ತಿಗೆ ಯಾವತ್ತೋ ಮುರಿದಿದೆ. ಮುರಿದ ಜಾಗದಿಂದ ಹಿಂದಕ್ಕೆ ಇಂಗ್ಲೆಂಡಿನಿಂದ ಬಂದ ಅಕ್ರೋಟಿನ ಮರ ಹಾಗೇ ಇದೆ, ಮುರಿದ ಒಂದು ಗೇಣು ಮಾತ್ರ ಬೀಟೆ. ಓರೆಯಾಗಿ ಕೊಯ್ದು, ಒಂದಕ್ಕೊಂದು ಹೆಣೆದು, ಮರದ ಗೂಟ ಹೊಡೆದು ಕೂರಿಸಿದ ಕೀಲು. ಹೆಬ್ಬೆರಳಿನ ಉಗುರು ಎಳೆದರೂ ಸಂದು ಸಿಗುವುದಿಲ್ಲ. ಈ ಕೆಲಸ ಮಾಡಿದವನು ನೇಗಿಲು, ಕದ, ತೊಟ್ಟಿಲು ಮಾಡುತ್ತಿದ್ದ ಯಾರೋ ಮಲೆನಾಡಿನ ಬಡಗಿ. ಅವನ ಹೆಸರು ಎಲ್ಲೂ ಇಲ್ಲ. ಲಂಡನ್ನಿನ ಟವರಿನ ಹೆಸರು ಮಾತ್ರ ಕಬ್ಬಿಣದಲ್ಲಿ ಉಳಿದಿದೆ.

"ಈ ಮರವನ್ನೇ ತೆಗೆಸಬೇಕು ಅಂದ್ಕೊಂಡಿದ್ದೆ," ಎನ್ನುತ್ತಾನೆ ಹುಡುಗ. "ಅಮೆರಿಕದಲ್ಲಿ ಹೊಸ ಮರ ಸಿಗುತ್ತೆ, ಪಟ್ಟಿ, ಸ್ಕ್ರೂ, ಎಲ್ಲ ಸಿಗುತ್ತೆ."

ಸಿಗುತ್ತದೆ, ಸುಳ್ಳಲ್ಲ. 2003ರಲ್ಲಿ ನೇಪಾಳದ ರಾಣಾಗಳ ಹಳೆಯ ಶಸ್ತ್ರಾಗಾರವನ್ನೇ ಅಮೆರಿಕದ ಎರಡು ಕಂಪನಿಗಳು ಕೊಂಡುಕೊಂಡವು. ಎನ್‌ಫೀಲ್ಡ್, ಮಾರ್ಟಿನಿ ರೈಫಲುಗಳು ರಾಶಿರಾಶಿಯಾಗಿ ಸಮುದ್ರ ದಾಟಿದವು. ಅಲ್ಲಿನ ಸಂಗ್ರಾಹಕರಿಗೆ ಕತ್ತರಿಸಿದ ಮಿಲಿಟರಿ ರೈಫಲು ಎಂದರೆ ಹಾಳಾದ ಮಾಲು, ಅದನ್ನು ಕಾರ್ಖಾನೆಯಿಂದ ಬಂದ ದಿನದ ರೂಪಕ್ಕೆ ತರುವುದೇ ರಿಸ್ಟೋರೇಷನ್. ಅಲ್ಲಿಗೆ ಅದು ಸರಿಯಿರಬಹುದು. ಕತ್ತರಿಸಿದ ಕೈ ನೆರೆಮನೆಯ ಗ್ಯಾರೇಜಿನದು, ಕತ್ತರಿಸಿದ ಕಾರಣ ಭಾನುವಾರದ ಜಿಂಕೆ ಬೇಟೆ. ಇಲ್ಲಿ ಹಾಗಲ್ಲ. ಕಾಡಿನಂಚಿನ ತೋಟದಲ್ಲಿ ಪೊದೆಯೊಳಗೆ ನುಗ್ಗಲು 39 ಅಂಗುಲದ ನಳಿಗೆ ಉದ್ದವಾಯಿತು, ಕತ್ತರಿಸಿದರು. ಮಳೆಗಾಲದಲ್ಲಿ ಮರದಡಿ ನೀರು ನಿಂತು ನಳಿಗೆ ತುಕ್ಕು ಹಿಡಿಯುವುದೆಂದು ಮುಂದಿನ ಮರ ತೆಗೆದರು. ಬೆಳೆ ಉಳಿಸಿಕೊಳ್ಳುವ ಮನೆಯೊಂದು ಒಂದು ಶತಮಾನ ಕಾಲ ಬಳಸಿದ ಗುರುತು ಅದು.

ಅಮ್ಮ ಕಾಫಿಯ ಜೊತೆ ಕೋಡುಬಳೆ ತಂದಿಡುತ್ತಾರೆ. ಹಿಡಿಯ ಎಡಮಗ್ಗುಲಿನ ಬಿಳಿ ಬಣ್ಣದ ಮಾಸಿದ ಅಂಕಿಗಳ ಮೇಲೆ ನನ್ನ ಬೆರಳಿರುವುದನ್ನು ನೋಡಿ, "ಅದು ಠಾಣೆಯೋರು ಬರೆದದ್ದು. ಒಂದೊಂದು ಚುನಾವಣೆಗೂ ಒಂದೊಂದು ನಂಬರು. ಮೂಲೇಲಿ ಸೌದೆ ಹಂಗೆ ಒಟ್ಟಿರ್ತಿದ್ರು. ವಾಪಸ್ ತರೋವಾಗ ನಮ್ಮನೆಯವ್ರು ಅಳೋದೊಂದು ಬಾಕಿ," ಎನ್ನುತ್ತಾರೆ. ಮರದ ಮೇಲಿನ ಸಾಲುಸಾಲು ತರಚುಗಳಿಗೆ ಕಾರಣ ಸಿಕ್ಕಿತು. ಈ ಬಣ್ಣವನ್ನು ಥಿನ್ನರಿನಲ್ಲಿ ಒರೆಸಿಬಿಡಬಹುದು. ಒರೆಸಬಾರದೆಂದು ನನ್ನ ಹಟ.

ಆದರೆ ಹುಡುಗನ ಮಾತಿನಲ್ಲಿ ಒಂದು ಕಡೆ ನನಗೆ ಆಗಲೇ ಅನುಮಾನ ಶುರುವಾಗಿದೆ. ನಳಿಗೆಯ ಹಿಂಭಾಗದಲ್ಲಿ ಗುರಿ ಹಿಡಿಯುವ ಕಚ್ಚು ಇದೆಯಲ್ಲ, ಅದು ಸಣ್ಣ ಕಬ್ಬಿಣದ ದಿಮ್ಮಿ, ನಡುವೆ ಒಂದೇ ಸೀಳು. 1853ರ ಎನ್‌ಫೀಲ್ಡಿನದು ಹೀಗಿರುವುದಿಲ್ಲ. ಅದರಲ್ಲಿ ಏಣಿಯಂತೆ ಎತ್ತಿ ನಿಲ್ಲಿಸಿ ನೂರಾರು ಗಜ ದೂರಕ್ಕೆ ಹೊಂದಿಸುವ ಪಟ್ಟಿ ಇರುತ್ತದೆ. ಏಣಿ ಮುರಿದು ಯಾರೋ ದಿಮ್ಮಿ ಕೂರಿಸಿರಬಹುದೇ? ಹಾಗಾದರೆ ಅಗಲವಾದ ಹಳೆಯ ಬೆಸುಗೆಯ ಅಚ್ಚು ಸುತ್ತ ಕಾಣಬೇಕು. ಭೂತಗನ್ನಡಿ ಹಿಡಿದು ನೋಡುತ್ತೇನೆ. ಅಚ್ಚಿಲ್ಲ. ನಳಿಗೆಯ ಕಂದುಬಣ್ಣ ದಿಮ್ಮಿಯ ಬುಡದವರೆಗೂ ಎಡೆಬಿಡದೆ ಹರಿದಿದೆ.

ಸಾಹೇಬರು ಬಂದಾಗ ಮೂರು ಗಂಟೆ. ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಸ್ಕೂಟರು ಓಡಿಸಿ ಬಂದ ಬೆವರನ್ನು ಒರೆಸಿಕೊಂಡು, ಅಮ್ಮನಿಗೆ ಕೈ ಮುಗಿದು, ನೇರ ಹಿತ್ತಲಿಗೆ. ಮೊದಲು ಮೊಳೆಯ ತೂತಿಗೆ ತೆಳ್ಳನೆಯ ತಂತಿ ಹಾಕಿ ನೋಡುತ್ತಾರೆ. ಕಪ್ಪು ಕೆಸರು. ನೀರು ಚೆಲ್ಲಿ, ತುದಿಗೆ ತಿರುಪಿನ ಕೊಕ್ಕೆಯಿರುವ ಉದ್ದದ ಕಡ್ಡಿಯನ್ನು ಇಳಿಸಿ, ಕಣ್ಣು ಮುಚ್ಚಿ ತಿರುಗಿಸುತ್ತಾರೆ. ಕೈಯೇ ಅವರಿಗೆ ಕಣ್ಣು. ಎಳೆದರೆ ಮೊದಲು ಬರುವುದು ನಾರಿನ ಉಂಡೆ, ತೆಂಗಿನ ನಾರು, ಒದ್ದೆಯಾಗಿ ಕಪ್ಪಾಗಿದೆ. ಆಮೇಲೆ ಚರೆ, ಬಿಳಿ ಪುಡಿ ಹಿಡಿದ ಸೀಸದ ಗುಂಡುಗಳು, ಒಗೆಯುವ ಕಲ್ಲಿನ ಮೇಲೆ ಟಪಟಪ ಬೀಳುತ್ತವೆ. ಮತ್ತೆ ನಾರು. ಕೊನೆಗೆ ಮದ್ದು, ಹೊಳೆಯುವ ಕರಿಯ ಕೆಸರಾಗಿ.

"ಹಂದಿ ಈಡು," ಎನ್ನುತ್ತಾರೆ ಸಾಹೇಬರು, ಚರೆಯ ದಪ್ಪ ನೋಡಿ. ಅಮ್ಮ ಒಂದು ಗುಂಡನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಳ್ಳುತ್ತಾರೆ. ಏನೂ ಮಾತಾಡುವುದಿಲ್ಲ.

ಬಿಸಿನೀರಿನಲ್ಲಿ ತೊಳೆದು, ಬಟ್ಟೆ ಸುತ್ತಿದ ಕಡ್ಡಿ ಆಡಿಸಿ, ಒಣಗಿಸಿ, ಎಣ್ಣೆ ಹಾಕಿದ ಮೇಲೆ ನಳಿಗೆಯ ತಳಕ್ಕೆ ಪುಟ್ಟ ದೀಪ ಇಳಿಯುತ್ತದೆ. ಸರದಿಯಲ್ಲಿ ಮೂವರೂ ಬಾಯಿಗೆ ಕಣ್ಣಿಡುತ್ತೇವೆ. ನಡುವೆ ಎಲ್ಲಿಯೂ ಉಬ್ಬಿದ ನೆರಳಿನ ಉಂಗುರವಿಲ್ಲ, ಅಂದರೆ ಒಳಗೆ ಅಡ್ಡಿಯಿದ್ದಾಗ ಹೊಡೆದು ನಳಿಗೆ ಊದಿಕೊಂಡಿಲ್ಲ. ತಳದ ಹತ್ತಿರ ತುಕ್ಕಿನ ಗುಳಿಗಳಿವೆ. ಈಡು ಕೂತಿದ್ದ ಜಾಗ, ಅಚ್ಚರಿಯೇನಲ್ಲ. ಹುಡುಗ ಬಹಳ ಹೊತ್ತು ನೋಡಿ ತಲೆಯೆತ್ತುತ್ತಾನೆ.

"ಗೀರು ಒಂದೂ ಇಲ್ಲ ಅಂಕಲ್. ತಳದಲ್ಲೂ ಇಲ್ಲ."

ಅಲ್ಲೇ ಇರುವುದು ವಿಷಯ. ಗೀರು ಸವೆದಿದ್ದರೆ ಬಾಯಿಯ ಕಡೆ ಹೆಚ್ಚು ಸವೆದು, ತಳದಲ್ಲಿ ಸ್ವಲ್ಪವಾದರೂ ಉಳಿದಿರಬೇಕಿತ್ತು. ವರ್ನಿಯರನ್ನು ಸಾಹೇಬರ ಕೈಗೆ ಕೊಡುತ್ತೇನೆ. ಬಾಯಿಯ ಒಳ ಅಡ್ಡಗಲ ಅಳೆದು ಅವರು ಓದುತ್ತಾರೆ: ಹದಿನಾರೂ ಮುಕ್ಕಾಲು ಮಿಲಿಮೀಟರಿಗೆ ಒಂದು ಕೂದಲು ಕಡಿಮೆ. 1853ರ ಎನ್‌ಫೀಲ್ಡಿನ ಬೋರು .577 ಅಂಗುಲ, ಸುಮಾರು 14.7 ಮಿಲಿಮೀಟರು. ಎರಡು ಮಿಲಿಮೀಟರು ತುಕ್ಕಿನಿಂದ ಸವೆಯುವುದಿಲ್ಲ. ಯಾವ ಹಳ್ಳಿಯ ಕಮ್ಮಾರನೂ ಅಷ್ಟು ನೇರವಾಗಿ, ಅಷ್ಟು ಸಮವಾಗಿ ಕೊರೆಯಲಾರ. .656 ಅಂಗುಲವೆಂದರೆ ಸುಮಾರು 16.7 ಮಿಲಿಮೀಟರು.

"ನೀನು ಹುಡುಕಿಕೊಂಡು ಬಂದ ರೈಫಲು ಇದಲ್ಲ," ಎನ್ನುತ್ತೇನೆ. "ಇದು ಸಿಪಾಯಿಯ ಕೋವಿ."

1853ರ ರೈಫಲಿಗೆ ಎಣ್ಣೆಕೊಬ್ಬು ಸವರಿದ ಕಾಗದದ ತೋಟಾ. ಹಲ್ಲಿನಿಂದ ಕಚ್ಚಿ ಹರಿಯಬೇಕು. ಆ ಕೊಬ್ಬು ದನದ್ದೋ ಹಂದಿಯದೋ ಎಂಬ ಮಾತಿನಿಂದ 1857 ಹೊತ್ತಿಕೊಂಡದ್ದು ಶಾಲೆಯ ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಇಲ್ಲದ್ದು ಮುಂದಿನ ಸಂಗತಿ. ದಂಗೆ ಅಡಗಿದ ಮೇಲೆ, ಭಾರತೀಯ ಸಿಪಾಯಿಯ ಕೈಯಲ್ಲಿ ದೂರದ ಗುರಿ ಮುಟ್ಟುವ ರೈಫಲು ಇರಬಾರದೆಂದು ಬ್ರಿಟಿಷರು ತೀರ್ಮಾನಿಸಿದರು. ಕಾಣಲು ಅದೇ ಎನ್‌ಫೀಲ್ಡ್. ಅದೇ ಲಾಕು, ಅದೇ ಮೂರು ಪಟ್ಟಿ, ಅದೇ ಉದ್ದ. ಒಳಗೆ ಮಾತ್ರ ಗೀರುಗಳನ್ನು ಕೊರೆದು ತೆಗೆದು ನುಣುಪು ಮಾಡಿದರು, .577 ಇದ್ದದ್ದು .656 ಆಯಿತು. ಏಣಿಯ ಗುರಿಪಟ್ಟಿ ತೆಗೆದು ದಿಮ್ಮಿ ಇಟ್ಟರು. ನೂರು ಗಜದಾಚೆ ಗುರಿ ನಿಲ್ಲದ ಕೋವಿಗೆ ಏಣಿ ಯಾಕೆ? ಹೀಗೆ ಕೊರೆದ 1858ರ ಮಾದರಿಯಲ್ಲಿ ನಳಿಗೆಯ ಗೋಡೆ ತೀರ ತೆಳುವಾಯಿತು, ಬಾಗತೊಡಗಿತು. ಆದ್ದರಿಂದ 1859ರಲ್ಲಿ ದಪ್ಪ ಗೋಡೆಯ ನಳಿಗೆಯನ್ನೇ ಹೊಸದಾಗಿ ಮಾಡಿಸಿದರು. ಸಾಹೇಬರು ಬಾಯಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. "ಗೋಡೆ ದಪ್ಪ ಇದೆ. ಇದು ಹುಟ್ಟಿದಾಗಿಂದ ಹಿಂಗೇ."

ಹುಡುಗ ಕಲ್ಲಿನ ಮೇಲೆ ಕೂತುಬಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಹಳ್ಳಿಯವರು ಕೆಡಿಸಿದ ರೈಫಲನ್ನು ಅವನು ಉಳಿಸಬೇಕಿತ್ತು. ಅತಿ ದೊಡ್ಡ ಮಾರ್ಪಾಡು ಹಳ್ಳಿಯಲ್ಲಿ ಆದದ್ದೇ ಅಲ್ಲ, ಇಂಗ್ಲೆಂಡಿನಲ್ಲಿ, ಅದೂ ಸರ್ಕಾರದ ಆಜ್ಞೆಯ ಮೇಲೆ. ಈ ನಳಿಗೆಯ ನುಣುಪೇ 1857ರ ಭಯದ ದಾಖಲೆ. ಮುಂದೆಯೂ ಆ ಭಯ ಹೋಗಲಿಲ್ಲ. 1866ರಲ್ಲಿ ಹಿಂದಿನಿಂದ ತುಂಬುವ ಸ್ನೈಡರ್, 1871ರಲ್ಲಿ ಮಾರ್ಟಿನಿ-ಹೆನ್ರಿ ಬ್ರಿಟಿಷ್ ಸೈನಿಕನಿಗೆ ಬಂದವು. ಸಿಪಾಯಿಗೆ ಯಾವತ್ತೂ ಒಂದು ತಲೆಮಾರು ಹಿಂದಿನದು.

ಇಂಥದಕ್ಕೆ ಗೀರು ಕೊರೆಸಿ, ಏಣಿಯ ಪಟ್ಟಿ ಕೂರಿಸಿ, ಹೊಸ ಮರ ತೊಡಿಸಿದರೆ ಸಿಗುವುದು ಏನು? ಎಂದೂ ಇರದಿದ್ದ ರೈಫಲು. ಚೆಂದ ಕಾಣುತ್ತದೆ, ಸುಳ್ಳು ಹೇಳುತ್ತದೆ. ಇನ್ನೊಂದು ಮಾತನ್ನೂ ಹುಡುಗನಿಗೆ ಬಿಡಿಸಿ ಹೇಳಬೇಕಾಯಿತು. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಲ್ಲಿ ಮಾಡಲಾಗದ ಲೋಹದ ಕೆಲಸವಿಲ್ಲ. ಅವನ ಬೈಕಿನ ಬಿಡಿಭಾಗ ಅಲ್ಲೇ ಮಾಡಿಸಿಕೊಂಡದ್ದು, ಕೋವಿಗೂ ಅಲ್ಲಿಗೇ ಹೋಗುವ ಯೋಚನೆ. ಕಾಯ್ದೆಯ 5ನೇ ಕಲಮಿನಂತೆ ಕೋವಿಯ ಮಾರ್ಪಾಡು, ರಿಪೇರಿ ಕಸುಬಿಗೇ ಲೈಸೆನ್ಸು ಬೇಕು, ನಳಿಗೆ ಗಿಡ್ಡ ಮಾಡಲು 6ನೇ ಕಲಮಿನದು ಬೇರೆ. ಎಷ್ಟೇ ನುರಿತ ಲೇತಿನವನಾದರೂ ಒಂದು ಸ್ಕ್ರೂ ಮಾಡಿಕೊಟ್ಟು ಕೇಸಿನಲ್ಲಿ ಸಿಕ್ಕಿಕೊಳ್ಳಬಾರದು. ಅಲ್ಲದೆ ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೂ ಬರುತ್ತದೆ. ನಾಳೆ ಲಾಭಕ್ಕೆ ಹೊರದೇಶಕ್ಕೆ ಮಾರುವ ಯೋಚನೆ ಇದ್ದರೆ ಈಗಲೇ ಬಿಡಬೇಕು.

"ಹಾಗಾದ್ರೆ ಬೇಡ ಅಂತೀರಾ?"

ಬೇಕು ಅನ್ನುತ್ತೇನೆ. ಮೊದಲಿಗಿಂತ ಗಟ್ಟಿಯಾಗಿ. ಲಾಕು ಮೂಲದ್ದು, ನಳಿಗೆ ಮೂಲದ್ದು, ಎರಡರ ಕಾಲವೂ ಒಂದಕ್ಕೊಂದು ಹೊಂದುತ್ತದೆ. ದಂಡಿನಿಂದ ಬಿಡುಗಡೆಯಾದ ಗುರುತಿದೆ. ಅಲ್ಲಿಂದ ಮುಂದೆ ಒಂದೇ ಮನೆಯ ಕಾಗದವಿದೆ. ಮೂರು ಬೇರೆ ಬೇರೆ ಕೋವಿಗಳ ತುಂಡು ಸೇರಿಸಿ ಮಾಡಿದ್ದರೆ, ಅಕ್ಷರಗಳನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಹೊಳಪು ಮಾಡಿದ್ದರೆ, ನಂಬರು ತಿದ್ದಿದ್ದರೆ, ಬಿಟ್ಟಿ ಕೊಟ್ಟರೂ ಬೇಡ ಎನ್ನುತ್ತಿದ್ದೆ. ಮಾರ್ಪಾಡು ಎಷ್ಟಾಗಿದೆ ಎಂದು ನಾನು ಅಳೆಯುವುದಿಲ್ಲ. ಅಗತ್ಯಕ್ಕೆ ಕತ್ತರಿಸಿದ್ದೋ ಮೋಸಕ್ಕೆ ಕತ್ತರಿಸಿದ್ದೋ ಎಂದು ನೋಡುತ್ತೇನೆ. ಬಡಗಿಯ ಬೀಟೆಯ ಕೀಲಿನಲ್ಲಿ ಮೋಸವಿಲ್ಲ.

ಕೆಲಸ ಏನೇನೆಂದು ಸಾಹೇಬರೇ ಹೇಳುತ್ತಾರೆ. ಲಾಕು ಬಿಚ್ಚಿ ಒಳಗಿನ ಗಟ್ಟಿಯಾದ ಎಣ್ಣೆ ತೆಗೆಯಬೇಕು. ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜದೆ, ಎಣ್ಣೆಯಲ್ಲಿ ನೆನೆಸಿ ನೆನೆಸಿ ಮೆತ್ತಗೆ ಎಬ್ಬಿಸಬೇಕು, ಕಂದುಬಣ್ಣ ಉಳಿಯಬೇಕು. ಮರಕ್ಕೆ ವಾರ್ನಿಶ್ ಬೇಡ, ಅಗಸೆ ಎಣ್ಣೆ ಸಾಕು. ಸಡಿಲಾದ ಹಿತ್ತಾಳೆ ತಗಡಿನ ಮೊಳೆಗಳನ್ನು ಮತ್ತೆ ಕೂರಿಸಬೇಕು. ತಳದ ಗುಳಿಗಳನ್ನು ನೋಡಿದರೆ ಇದಕ್ಕಿನ್ನು ಮದ್ದು ತುಂಬುವ ಹಾಗಿಲ್ಲ. "ಹೊಡೆಯೋಕೆ ಅಂತ ತಗೊಂಡ್ರೆ ನಾನು ಕೈ ಹಾಕಲ್ಲ," ಎಂದು ಹುಡುಗನ ಮುಖ ನೋಡಿಯೇ ಹೇಳುತ್ತಾರೆ. ಹುಡುಗ ತಲೆಯಾಡಿಸುತ್ತಾನೆ. ಮೊದಲು ಅಂದುಕೊಂಡಿದ್ದ ಮರ, ಪಟ್ಟಿ, ನಳಿಗೆಯ ಖರ್ಚಿನ ಹತ್ತನೇ ಒಂದು ಪಾಲೂ ಆಗುವುದಿಲ್ಲ ಇದು.

ಬೆಲೆಯ ಮಾತು ಬಂದಾಗ ಅಮ್ಮ ನನ್ನ ಕಡೆ ನೋಡುತ್ತಾರೆ. ಫೋನಿನಲ್ಲಿ ಇಪ್ಪತ್ತು ಸಾವಿರ ಎಂದಿದ್ದರು. ಕತ್ತರಿಸಿದ ನಾಡಕೋವಿಗೆ ಅದೇ ಹೆಚ್ಚೆಂದು ಯಾರೋ ಹೇಳಿದ್ದರಂತೆ. ಈಗ ಅದು ಏನೆಂದು ಎಲ್ಲರಿಗೂ ಗೊತ್ತಾಗಿದೆ, ಗೊತ್ತಾದ ಮೇಲೆ ಹಳೆಯ ಬೆಲೆಗೆ ಕೊಳ್ಳುವುದು ನ್ಯಾಯವಲ್ಲ. ನಾನು ಹೇಳುವ ಮುಂಚೆ ಹುಡುಗನೇ, "ಮೂವತ್ತೈದು ಕೊಡ್ತೀನಿ ಆಂಟಿ. ಮೂಡಿಗೆರೆ ಮನೇಲಿ ಇಡ್ತೀನಿ, ಬೀಟೆ ಮರ ಬದಲಾಯ್ಸಲ್ಲ," ಎನ್ನುತ್ತಾನೆ. ಅವನ ಬಗ್ಗೆ ನನಗೆ ಬಹಳ ಮೆಚ್ಚಿಗೆಯಾಯಿತು.

"ದುಡ್ಡು ಹೆಂಗಾದ್ರೂ ಆಗ್ಲಿ," ಎನ್ನುತ್ತಾರೆ ಅಮ್ಮ. "ಇವತ್ತೇ ತಗೊಂಡು ಹೋಗ್ತೀರಾ?"

ಹೋಗುವಂತಿಲ್ಲ. ಸ್ವಂತಕ್ಕೆ ಇಟ್ಟುಕೊಂಡ ಕೋವಿಯನ್ನು ಮಾರುವವರು, ಕೊಳ್ಳುವವರ ಹೆಸರು ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಮೊದಲೇ ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಅಷ್ಟರೊಳಗೆ ಹುಡುಗನ ಪರವಾನಗಿಯಲ್ಲಿ ಎರಡನೆಯ ಆಯುಧಕ್ಕೆ ಅನುಮತಿ ಬಂದಿರಬೇಕು. ಊಟದ ಮೇಜಿನ ಮೇಲೆಯೇ ಅರ್ಜಿ ಬರೆಯಲು ಕೂರುತ್ತೇವೆ. ಅಮ್ಮನ ಅಕ್ಷರ ದುಂಡಗೆ, ಒತ್ತಾಗಿ. ಆಯುಧದ ವಿವರ ಎಂಬಲ್ಲಿ ಪುಸ್ತಕದಲ್ಲಿರುವಂತೆ ಎಸ್.ಬಿ.ಎಂ.ಎಲ್., ನಂಬರು. ಹುಡುಗ ಪಕ್ಕದಲ್ಲಿ ತನ್ನ ನೋಟುಪುಸ್ತಕ ತೆಗೆದು ತನಗಾಗಿ ಬೇರೆಯೇ ವಿವರ ಬರೆದುಕೊಳ್ಳುತ್ತಿದ್ದಾನೆ: 1859ರ ಮಾದರಿ, .656, ಟವರ್ 1860, ಜೋಡಿ ಬಾಣ, ಬೀಟೆಯ ಕೀಲು, ಠಾಣೆಯ ಅಂಕಿಗಳು.

"ಇದರ ಕಡ್ಡಿ ಎಲ್ಲಿ ಆಂಟಿ? ನಳಿಗೆ ಕೆಳಗೆ ಒಂದು ಕಬ್ಬಿಣದ ಕಡ್ಡಿ ಇರಬೇಕಿತ್ತಲ್ಲ?"

ಅಮ್ಮ ಪೆನ್ನು ಎತ್ತಿ ಯೋಚಿಸುತ್ತಾರೆ. "ಊರಲ್ಲಿ ಅಟ್ಟದ ಮೇಲೆ ಇರಬೇಕು. ಅಡಿಕೆ ಒಣ ಹಾಕೋವಾಗ ಪರದೆ ಕಟ್ಟೋಕೆ ಬಳಸ್ತಿದ್ವಿ. ಮೈದುನನಿಗೆ ಹೇಳಿ ಹುಡುಕಿಸ್ತೀನಿ. ಕೋವಿ ತಗೊಂಡು ಹೋಗೋಕೆ ಬರ್ತೀರಲ್ಲ, ಅಷ್ಟೊತ್ತಿಗೆ ತರಿಸಿಟ್ಟಿರ್ತೀನಿ."